ಅಕ್ಕನ ಮಗನ್ನ ಮಿಡ್‌ಫೀಲ್ಡ್‌ಗೆ ಹಾಕ್ಯಾರ, ಮೈ ಸಣ್ಣದು ಅಂತ ಟ್ರಯಲ್‌ನಾಗ ಬ್ಯಾಡಂದ್ರು, ಮುಂದ ದಾರಿ ಐತೇನ್ರಿ?

ಗಂಗಾವತಿ ಮಾವ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮಕ್ಕನ ಮಗ ಒಂಬತ್ತನೇತ್ಯಾಗ ಅದಾನ, ಹದಿನಾಲ್ಕು ವರ್ಷ, ಐದಡಿ ಇನ್ನೂ ದಾಟಿಲ್ಲ. ಭತ್ತ ಕೊಯ್ದ ಗದ್ದ್ಯಾಗ ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಕಲ್ತವ. ಮೊದ್ಲು ಫಾರ್ವರ್ಡ್ ಇದ್ದ, ಗೋಲ್ ಹೊಡಿತಿದ್ದ, ಈ ವರ್ಷ ಪಿಟಿ ಮಾಸ್ತರ್ರು ತಂದು ನಡುವ ನಿಲ್ಸ್ಯಾರ, ಅದಕ್ಕ ಮುಖ ಸಣ್ಣ ಮಾಡ್ಕೊಂಡು ಬರ್ತಾನ, ಈಗ ನನ್ನ ಹೆಸ್ರು ಯಾರೂ ಕೂಗಲ್ಲ ಮಾವ ಅಂತಾನ. ಹೋದ ತಿಂಗಳು ಒಂದು ಟ್ರಯಲ್‌ಗೆ ಕರ್ಕೊಂಡು ಹೋಗಿದ್ದೆ, ರಾತ್ರಿಯೆಲ್ಲಾ ಬಸ್ಸು, ಅಲ್ಲಿ ಹತ್ತು ನಿಮಿಷ ಆಡ್ಸಿ ಮೈ ಸಾಲ್ದು ಅಂದು ಕಳ್ಸಿಬಿಟ್ರು. ವಾಪಸ್ ಬರೋತನ ಹುಡುಗ ಒಂದು ಮಾತಾಡ್ಲಿಲ್ರಿ. ಮನ್ಯಾಗ ಭಾವ ಇದ್ರಾಗ ಹೊಟ್ಟಿಗೇನ್ ಸಿಗತೈತಿ ಅಂತ ಕೇಳ್ತಾರ. ನಡುವ ಆಡೋನಿಗೆ ದಾರಿ ಐತೇನು, ಗೊತ್ತಿದ್ದವ್ರು ಹೇಳ್ರಿ.

ಕೋಟೆ ಬಳ್ಳಾರಿ:
ಅಣ್ಣಾ, ಆ ಹುಡುಗನ್ನ ಕೂರಿಸ್ಕೊಂಡು ಲೂಕಾ ಮೋಡ್ರಿಚ್ ಅನ್ನೋ ಮಿಡ್‌ಫೀಲ್ಡರ್ ಕಥೆ ಹೇಳು, ಪೂರ್ತಿ ಹೇಳು, ಬರೀ ಕಪ್ ಎತ್ತಿದ್ದಷ್ಟೇ ಅಲ್ಲ. 1985ರಲ್ಲಿ ಕ್ರೊಯೇಷಿಯಾದ ಝಾದರ್ ಕಡೆ ಹುಟ್ಟಿದವ, ಯುದ್ಧದಲ್ಲಿ ತಾತನ್ನ ಕೊಂದ್ರು, ಮನೆ ಬಿಟ್ಟು ನಿರಾಶ್ರಿತರ ಜೊತೆ ಹೋಟೆಲ್‌ಗಳಲ್ಲಿ ವರ್ಷಗಟ್ಲೆ ಇದ್ರು, ಅಲ್ಲೇ ಪಾರ್ಕಿಂಗ್ ಜಾಗದಲ್ಲಿ ಬಾಲ್ ಒದ್ದು ಬೆಳೆದ. ಹೈಡುಕ್ ಸ್ಪ್ಲಿಟ್ ಕ್ಲಬ್ಬಿನವರು ಇವನ್ನ ನೋಡಿ ಮೈ ಸಣ್ಣದು ಅಂತ ವಾಪಸ್ ಕಳ್ಸಿದ್ರು. ನಿಮ್ ಹುಡುಗನಿಗೆ ಹೇಳಿದ ಮಾತೇ ಅಲ್ವಾ. ಆಮೇಲೆ ಡೈನಮೊ ಝಾಗ್ರೆಬ್ ತಗೊಂಡ್ರೂ ಹದಿನೆಂಟಕ್ಕೆ ಬೋಸ್ನಿಯಾದ ಝ್ರಿನ್‌ಸ್ಕಿ ಮೋಸ್ತಾರ್ ಕ್ಲಬ್ಬಿಗೆ ಸ್ವಲ್ಪ ಕಾಲ ಆಡೋಕೆ ಸಾಲ ಕೊಟ್ಟಂಗೆ ಕಳ್ಸಿದ್ರು, ಅಲ್ಲಿ ಮೈಮೇಲೆ ಬಿದ್ದು ಒರಟಾಗಿ ಆಡೋ ಲೀಗು, ಅಲ್ಲೇ ಆ ವರ್ಷದ ಬೆಸ್ಟ್ ಪ್ಲೇಯರ್ ಆದ. 2008ಕ್ಕೆ ಇಂಗ್ಲೆಂಡಿನ ಟಾಟನ್‌ಹ್ಯಾಮ್, 2012ಕ್ಕೆ ರಿಯಲ್ ಮ್ಯಾಡ್ರಿಡ್, ಅಲ್ಲೂ ಮೊದಲ ಸೀಸನ್‌ನಲ್ಲೇ ಒಂದು ಸ್ಪೇನ್ ಪೇಪರ್ ಓದುಗರು ಓಟ್ ಹಾಕಿ ಹೊಸದಾಗಿ ತಗೊಂಡವರಲ್ಲಿ ಅತಿ ಕೆಟ್ಟವ ಅಂದ್ರು. ಅದೇ ಮನುಷ್ಯ ಅಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಆರು ಸಲ ಗೆದ್ದ, 2018ರಲ್ಲಿ ವರ್ಷದ ಬೆಸ್ಟ್ ಆಟಗಾರನಿಗೆ ಕೊಡೋ ಬಾಲನ್ ಡಿ ಓರ್ ತಗೊಂಡ, ನಲವತ್ತರ ಹತ್ರ ಬಂದ್ಮೇಲೆ 2025ರಲ್ಲಿ ಇಟಲಿಯ ಮಿಲಾನ್ ಕ್ಲಬ್ಬಿಗೆ ಹೋದ. ಎತ್ತರ 172 ಸೆಂ.ಮೀ. ಅಷ್ಟೆ. ಕಾಲಿನ ಬಲ ಹೋದ್ರೂ ಕಣ್ಣು ಹೋಗಲ್ಲ, ಅದಕ್ಕೇ ಮಿಡ್‌ಫೀಲ್ಡರ್ ಅಷ್ಟು ವರ್ಷ ಬಾಳ್ತಾನೆ.

ಸಿಂಧನೂರು ಪಿಟಿ:
ನಾನು ಹನ್ನೊಂದು ವರ್ಷದಿಂದ ಹುಡುಗ್ರನ್ನ ಆಡಸ್ತೀನ್ರಿ. ಮಾಸ್ತರ್ರು ಸುಮ್ಸುಮ್ಕೆ ನಡುವ ಹಾಕಿರಲ್ಲ, ಆಟ ಅರ್ಥ ಆಗೋ ಹುಡುಗನ್ನೇ ಅಲ್ಲಿ ಹಾಕೋದು, ಈ ಮಾತು ಅವನಿಗೆ ಯಾರರ ಬಾಯಿಬಿಟ್ಟು ಹೇಳ್ಬೇಕು. ಗೋಲ್ ಹೊಡ್ದವನ ಹೆಸ್ರು ಎಲ್ಲಾರೂ ಕೂಗ್ತಾರ, ಆ ಬಾಲ್ ಎಲ್ಲಿಂದ ಬಂತು ಅಂತ ನೋಡೋರು ಕಮ್ಮಿ.

ಒಂದು ಕೆಲ್ಸ ಮಾಡ್ರಿ. ಒಬ್ರು ಮುಂದ ನಿಂತು ಬಾಲ್ ಕೊಡ್ರಿ, ಇನ್ನೊಬ್ರು ಹುಡುಗನ ಹಿಂದ ನಿಂತು ಬೆರಳು ಎತ್ರಿ. ಬಾಲ್ ಕಾಲಿಗೆ ಬರೋದ್ರೊಳಗ ತಿರುಗಿ ನೋಡಿ ಎಷ್ಟು ಬೆರಳು ಅಂತ ಹೇಳ್ಬೇಕು. ಶುರುವಿಗೆ ಬಾಲ್ ತಪ್ಪಿ ಹೋಗತೈತಿ, ಬಿಡಬ್ಯಾಡ್ರಿ. ಬಾಲ್ ಬರೂಕಿಂತ ಮೊದ್ಲು ಎರಡೂ ಹೆಗಲ ಮ್ಯಾಲಿಂದ ಹಿಂದ ನೋಡೋದು ರೂಢಿ ಆದ್ರ ದೊಡ್ಡ ಮೈಯವ ಹತ್ರ ಬರೋಷ್ಟ್ರಾಗ ಇವ ಬಾಲ್ ಕೊಟ್ಟು ಹೋಗಿರ್ತಾನ. ಬಾರ್ಸಿಲೋನಾದ ಮಿಡ್‌ಫೀಲ್ಡರ್ ಶಾವಿ ಆಡಿದ್ದೇ ಹಂಗ, ಅವನೂ 170 ಸೆಂ.ಮೀ. ಇರೋದು. ನಮ್ಮ ಎರಿ ನೆಲದಾಗ ಬ್ಯಾಸಗಿಗೆ ಬಿರುಕು ಬಿಟ್ಟು ಬಾಲ್ ಎತ್ತಾಗರ ಹಾರತೈತಿ, ಅದ್ರಾಗ ಮೊದ್ಲ ಟಚ್ ಹಿಡ್ದವನಿಗೆ ಹುಲ್ಲಿನ ಗ್ರೌಂಡ್ ಸಲೀಸು. ಬೆಳಿಗ್ಗಿ ಆರಕ್ಕ ಆಡಸ್ರಿ, ನಮ್ಮ ಬಿಸಿಲಿಗೆ ಬ್ಯಾಡ.

ಇನ್ನ ಹದಿನಾಲ್ಕಕ್ಕ ಎತ್ತರ ಅಳ್ದು ತೀರ್ಮಾನ ಮಾಡೋದು ತಪ್ಪ್ರಿ, ಕೆಲವು ಹುಡುಗ್ರು ಹದಿನಾರಕ್ಕ ಒಮ್ಮೆಲೇ ಬೆಳೀತಾರ. ಹಂಗಂತ ಯಾರರ ವಯಸ್ಸು ಕಮ್ಮಿ ತೋರ್ಸೋಣ ಅಂದ್ರ ಒಪ್ಪಬ್ಯಾಡ್ರಿ, ಯೂತ್ ಲೀಗ್‌ನಾಗ ವಯಸ್ಸು ನೋಡಾಕ ಮಣಿಕಟ್ಟಿನ ಎಕ್ಸ್‌ರೇ ತಗೀತಾರ, ಸಿಕ್ಕಿಬಿದ್ರ ಹುಡುಗನ ದಾರಿನೇ ಮುಚ್ಚತೈತಿ. ಬರ್ತ್ ಸರ್ಟಿಫಿಕೇಟ್, ಆಧಾರ್ ಎರಡೂ ಸರಿ ಇಟ್ಕೊಳ್ರಿ.

ತೋರಣಗಲ್ಲು ಶಿಫ್ಟ್:
ನಾನು ಪ್ಲಾಂಟ್‌ನಲ್ಲಿ ಕೆಲ್ಸ ಮಾಡೋದು. ಬಿಎಫ್‌ಸಿ, ಅಂದ್ರೆ ಬೆಂಗಳೂರು ಎಫ್‌ಸಿ ಕ್ಲಬ್ಬಿನವರು, ಸೀಸನ್ ಮುಂಚಿನ ತಯಾರಿಗೆ ಇಲ್ಲಿ ವಿಜಯನಗರಕ್ಕೇ ಬರ್ತಿದ್ರು, ಅವ್ರ ರೆಸಿಡೆನ್ಶಿಯಲ್ ಅಕಾಡೆಮಿನೂ ಇಲ್ಲೇ ಇತ್ತು. ಅವರ ಮಿಡ್‌ಫೀಲ್ಡರ್ ಸುರೇಶ್ ವಾಂಗ್‌ಜಮ್ ಆಟ ನೋಡ್ಸಿ ನಿಮ್ಮ ಹುಡುಗನಿಗೆ, ಮಣಿಪುರದ ಹುಡುಗ, 2017ರ ಅಂಡರ್ 17 ವರ್ಲ್ಡ್ ಕಪ್ ಆಡಿ, ಎಳೆ ಹುಡುಗರ ಟೀಮ್ ಇಂಡಿಯನ್ ಆರೋಸ್‌ನಲ್ಲಿದ್ದು, 2019ಕ್ಕೆ ಬಿಎಫ್‌ಸಿ ಸೇರಿ, 2021ರ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಟೂರ್ನಿ) ಫೈನಲ್‌ನಲ್ಲಿ ನೇಪಾಳದ ಮೇಲೆ ಗೋಲೂ ಹೊಡೆದ. ನಡುವೆ ಆಡೋನು ಗೋಲ್ ಹೊಡಿಬಾರ್ದು ಅಂತ ಏನಿಲ್ಲ.

ಭಾವನವರ ಪ್ರಶ್ನೆ ಮಾತ್ರ ಸರಿಯಾಗೇ ಇದೆ, ತಳ್ಳಿಹಾಕ್ಬೇಡಿ. 2025ರಲ್ಲಿ ದೇಶದ ದೊಡ್ಡ ಲೀಗು ಐಎಸ್‌ಎಲ್ ಸೀಸನ್ನೇ ನಿಂತುಹೋಗಿ ಆಟಗಾರರು ಕೆಲ್ಸ ಇಲ್ದೆ ಕೂತಿದ್ದು ನೋಡಿದ್ವಿ. ಅದಕ್ಕೆ ಎಸ್ಸೆಸ್ಸೆಲ್ಸಿ ಬಿಡಿಸ್ಬೇಡಿ. ಕ್ಲಬ್ ಒಂದೇ ದಾರಿ ಅಲ್ಲ, ರಾಜ್ಯ ತಂಡಗಳು ಆಡೋ ಸಂತೋಷ್ ಟ್ರೋಫಿ ಇದೆ, 2023ರಲ್ಲಿ ನಮ್ಮ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯನ 3-2 ಸೋಲ್ಸಿ 54 ವರ್ಷ ಆದ್ಮೇಲೆ ಗೆದ್ದಿದ್ದು ಮರೆಯಕ್ಕಾಗುತ್ತಾ, ಸ್ಪೋರ್ಟ್ಸ್ ಕೋಟಾ ಇದೆ. ಕ್ರೀಡಾ ಇಲಾಖೆ ಹಾಸ್ಟೆಲ್ ಸೆಲೆಕ್ಷನ್ ಬಗ್ಗೆ ಕೊಪ್ಪಳದ ಜಿಲ್ಲಾ ಆಫೀಸ್‌ನಲ್ಲಿ ವಿಚಾರಿಸಿ.

ಗಂಗಾವತಿ ಮಾವ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಮೋಡ್ರಿಚ್ ಕಥಿ ಓದಿ ಹೇಳ್ದೆ, ಹೋಟೆಲ್ ಪಾರ್ಕಿಂಗ್ ಅನ್ನೋತ್ಲೇ ಎದ್ದು ಕೂತ. ಈಗ ಮನಿ ಮುಂದ ಅವರಪ್ಪನ್ನೇ ಹಿಂದ ನಿಲ್ಸಿ ಬೆರಳು ಎತ್ತಸಾಕ್ಹತ್ಯಾನ, ಇಪ್ಪತ್ತರಾಗ ಏಳು ಸರಿ ಹೇಳಿದ. ಸೋಮವಾರ ಕೊಪ್ಪಳಕ್ಕ ಹೋಗಿ ಹಾಸ್ಟೆಲ್ ವಿಚಾರಸ್ತೀನಿ. ಪಿಟಿ ಸರ್, ಎಡಗಾಲು ಅವನ್ದು ಭಾಳ ಸಪ್ಪ, ಅದಕ್ಕೇನರ ಹೇಳ್ರಿ.