ಪಿಯುಸಿ ನಂತರ ದೇವರ ಚಿತ್ತವನ್ನು ತಿಳಿಯುವುದು ಹೇಗೆ? ಸಲಹೆಗಾರ್ತಿಯವರೊಡನೆ ಪ್ರಶ್ನೋತ್ತರ

(ಕೊಡಗಿನ ಕ್ರೈಸ್ತ ವಿದ್ಯಾರ್ಥಿಗಳು ಮತ್ತು ಪೋಷಕರ ಗುಂಪು)

ತಾಯಿ, ಸೋಮವಾರಪೇಟೆ: ನಮಸ್ಕಾರ ಮೇಡಂ. ಮಗಳು ವೈದ್ಯಳಾಗಿ ಸೇವೆ ಮಾಡಬೇಕೆಂದಿದ್ದಾಳೆ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ (ಸಿಎಂಸಿ) ನಮ್ಮ ಸಭೆಯ, ಅಂದರೆ ಚರ್ಚಿನ, ಶಿಫಾರಸು ಇದ್ದರೆ ನೀಟ್ ಬೇಕಾಗುವುದಿಲ್ಲವೇ?

ಸಲಹೆಗಾರ್ತಿ: ಶಿಫಾರಸು ಇದ್ದರೂ ನೀಟ್ ಬರೆಯಲೇಬೇಕು. ಪ್ರಾಯೋಜಿತ ಸೀಟು ಪಡೆದವರು ಓದು ಮುಗಿದ ಮೇಲೆ ಒಪ್ಪಂದದಂತೆ ಸೇವೆ ಸಲ್ಲಿಸಬೇಕಾಗುತ್ತದೆ. ಆ ಷರತ್ತನ್ನು ಮಗಳು ತಾನೇ ಓದಿ ಒಪ್ಪಲಿ.

ವಿದ್ಯಾರ್ಥಿ, ಸಿದ್ದಾಪುರ: ಮೇಡಂ, ತಂದೆ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವವರು). ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು ನಾನು ಪಾಸ್ಟರ್ ಆಗಬೇಕೆಂಬುದು ದೇವರ ಚಿತ್ತವೆಂದು ಎಲ್ಲರೆದುರು ಹೇಳಿದರು. ನನಗೆ ಮಾತ್ರ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಮೇಲೆ ಮನಸ್ಸಿದೆ. ಬೈಬಲಿನ ಗಿದ್ಯೋನನಂತೆ ದೇವರಿಂದ ಗುರುತು ಕೇಳುತ್ತಾ ಉಪವಾಸ ಮಾಡುತ್ತಿದ್ದೇನೆ. ಈಗ ನಿದ್ದೆಯೂ ಬರುತ್ತಿಲ್ಲ, ಊಟವೂ ಸೇರುತ್ತಿಲ್ಲ. ನಾನು ದೇವರಿಗೆ ಅವಿಧೇಯನಾಗುತ್ತಿದ್ದೇನೆಯೇ?

ಸಲಹೆಗಾರ್ತಿ: ಮೊದಲು ಉಪವಾಸ ನಿಲ್ಲಿಸಿ, ನಾಳೆಯೇ ವೈದ್ಯರನ್ನು ಕಾಣಿರಿ, ಮನೆಯಲ್ಲಿ ಒಬ್ಬರಿಗಾದರೂ ಈ ಸ್ಥಿತಿಯನ್ನು ತಿಳಿಸಿ. ನಿದ್ದೆಯಿಲ್ಲದ ದೇಹ ಎಬ್ಬಿಸುವ ಭಯವನ್ನು ದೇವರ ಧ್ವನಿಯೆಂದು ತಿಳಿಯುವ ಅಪಾಯ ನಿಮ್ಮ ಬರಹದಲ್ಲಿ ನನಗೆ ಕಾಣುತ್ತಿದೆ. ಮನಸ್ಸು ಕತ್ತಲೆಯಲ್ಲಿರುವಾಗ, ಅದು ನೆಮ್ಮದಿಯಲ್ಲಿದ್ದಾಗ ಕೈಗೊಂಡ ನಿರ್ಧಾರವನ್ನು ಬದಲಿಸಬಾರದೆಂದು ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಕಲಿಸಿದ್ದರು.

ಗಿದ್ಯೋನನು ಗುರುತಿಗಾಗಿ ತುಪ್ಪಟವನ್ನು (ಕುರಿಯ ಉಣ್ಣೆಯನ್ನು) ಹಾಸುವ ಮೊದಲೇ ದೇವರ ಆಜ್ಞೆಯನ್ನು ಸ್ಪಷ್ಟವಾಗಿ ಕೇಳಿದ್ದನು. ಅವನು ಗುರುತು ಬೇಡಿದ್ದು ಕಾಲೇಜು ಆರಿಸುವಂಥ ಸಂದರ್ಭದಲ್ಲಲ್ಲ, ಆಜ್ಞೆ ಸಿಕ್ಕಮೇಲೂ ಉಳಿದ ಅಳುಕಿನಿಂದ. ಪ್ರವಾದನೆಯ, ಅಂದರೆ ದೇವರ ಹೆಸರಿನಲ್ಲಿ ನುಡಿಯುವ ಮಾತಿನ, ವಿಷಯದಲ್ಲಿ ಬೈಬಲಿನಲ್ಲಿ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯವು ಎರಡು ಮಾತು ಹೇಳುತ್ತದೆ: ಅದನ್ನು ಹೀನೈಸಬಾರದು, ಆದರೆ ಎಲ್ಲವನ್ನೂ ಪರೀಕ್ಷಿಸಬೇಕು. ಒಂದು ಸಂಜೆ ಬಂದುಹೋದ ಬೋಧಕರು ನಿಮ್ಮನ್ನು ಬಲ್ಲವರಲ್ಲ. ಸಭಾಸೇವೆಯ ಕರೆ ನಿಜವಾಗಿದ್ದರೆ ನಿಮ್ಮನ್ನು ವರ್ಷಗಳಿಂದ ನೋಡಿದ ಸಭೆಯೂ ಅದನ್ನು ಗುರುತಿಸಬೇಕು, ನಿಮ್ಮೊಳಗೂ ಅದರ ಬಯಕೆ ಮೊಳೆಯಬೇಕು. ಅರಣ್ಯಶಾಸ್ತ್ರವು ನಾಲ್ಕು ವರ್ಷದ ಪದವಿ; ಅದನ್ನು ಮುಗಿಸಿದ ಮೇಲೂ ಮಂಗಳೂರಿನ ಬಲ್ಮಠದಲ್ಲಿರುವ ದೈವಶಾಸ್ತ್ರ ಕಾಲೇಜಿನಂಥ ಕಡೆ ಓದಬಹುದು. ಆದ್ದರಿಂದ ಈಗ ಸಿಇಟಿಯಲ್ಲಿ ಅರಣ್ಯಶಾಸ್ತ್ರವನ್ನು ಆಯ್ದುಕೊಂಡರೆ ಆ ಬಾಗಿಲು ಮುಚ್ಚುವುದಿಲ್ಲ. ಇನ್ನೊಂದು ಮಾತು: ತೋಟದ ನೆರಳಿಗಿದ್ದ ಕಾಡುಮರಗಳ ಜಾಗದಲ್ಲಿ ಸಿಲ್ವರ್ ಓಕ್ ಬೆಳೆಯುತ್ತಿರುವ, ಆನೆಗಳೂ ಕಾರ್ಮಿಕರೂ ಒಂದೇ ದಾರಿಯಲ್ಲಿ ಎದುರಾಗುವ ನಿಮ್ಮ ಊರಿನಲ್ಲಿ ಕಾಡನ್ನು ಬಲ್ಲ ಕ್ರೈಸ್ತನ ದುಡಿಮೆ ಸೇವೆಯಲ್ಲವೆಂದು ಯಾರೂ ಹೇಳಲಾರರು. ಅಪೊಸ್ತಲ ಪೌಲನು ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದಲೇ ಬದುಕಿದನು.

ಸದಸ್ಯೆ, ಮಡಿಕೇರಿ: ಫಾರ್ವರ್ಡ್ ಆಗಿ ಬಂದದ್ದು: ರಾತ್ರಿ 3 ಗಂಟೆಗೆ ಎದ್ದು, ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಾಕ್ಯವೇ ಉತ್ತರ. ಯೆರೆಮೀಯ 29:11 ಅನ್ನು (ದೇವರು ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವನೆಂಬ ವಾಕ್ಯ) 11 ಜನರಿಗೆ ಕಳುಹಿಸಿದರೆ ಬಯಸಿದ ಸೀಟು ಖಚಿತ.

ಸಲಹೆಗಾರ್ತಿ: ದಯವಿಟ್ಟು ಇದನ್ನು ಅಳಿಸಿ. ನಿದ್ದೆಗೆಟ್ಟ ಹುಡುಗನೊಬ್ಬ ಇಲ್ಲೇ ಓದುತ್ತಿದ್ದಾನೆ. ಆ ವಾಕ್ಯವನ್ನು ಬರೆದದ್ದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕೆಂದಿದೆ. 5ನೇ ವಚನದಲ್ಲಿ ಮನೆ ಕಟ್ಟಿ, ತೋಟ ಮಾಡಿ ಎಂದಿದೆ. ಸೀಟಿನ ಭರವಸೆ ಅಲ್ಲಿಲ್ಲ.

ಸದಸ್ಯರು, ಕುಶಾಲನಗರ: ವಾಕ್ಯದ ಬಗ್ಗೆ ಇಷ್ಟು ಹೇಳುವವರು ಸಂತರ ನಿಯಮವನ್ನು ಏಕೆ ತಂದರು? ನಮಗೆ ವಾಕ್ಯವೊಂದೇ ಸಾಕು.

ಸದಸ್ಯರು, ವಿರಾಜಪೇಟೆ: ನಮ್ಮೂರಿನ ಸಂತ ಅನ್ನಮ್ಮನವರ ದೇವಾಲಯ 1792ರದ್ದು. ನಿನ್ನೆ ಮೊನ್ನೆ ಆರಂಭವಾದ ಸಭೆಯವರು ನಮಗೆ ಪಾಠ ಹೇಳಬೇಕಾಗಿಲ್ಲ.

ಸದಸ್ಯರು, ಕುಶಾಲನಗರ: ಕಟ್ಟಡದ ವಯಸ್ಸಿನಿಂದ ನಂಬಿಕೆಯನ್ನು ಅಳೆಯುತ್ತೀರಾ?

ವಿದ್ಯಾರ್ಥಿನಿ, ಗೋಣಿಕೊಪ್ಪಲು: ಮೇಡಂ, ನನ್ನ ಬಿ.ಕಾಂ. ಮುಗಿಯುತ್ತಿದೆ. ಮದ್ಯ ತಯಾರಿಸುವ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದೆ. ಕ್ರೈಸ್ತಳಾಗಿ ಒಪ್ಪಬಹುದೇ?

ಸದಸ್ಯರು, ವಿರಾಜಪೇಟೆ: ಕುಶಾಲನಗರದವರೇ, ಆ ಬೋಧಕರು ನಿಮ್ಮ ಸಭೆಯವರೇ ಇರಬೇಕು.

ಸದಸ್ಯರು, ಕುಶಾಲನಗರ: ತಿಳಿಯದೆ ಆರೋಪ ಮಾಡಬೇಡಿ. ಕ್ಷಮೆ ಕೇಳಿ.

ತಂದೆ, ಸುಂಟಿಕೊಪ್ಪ: ಸಿಎಂಸಿಗೆ ನೀಟ್ ಬೇಕೇ? ಕ್ರೈಸ್ತರಿಗೆ ಸಿಇಟಿಯಲ್ಲಿ ಮೀಸಲಾತಿ ಇದೆಯೇ?

ಸಲಹೆಗಾರ್ತಿ: ಬೇಕು; ಮೇಲೆ ಬರೆದಿದ್ದೇನೆ. ಮೀಸಲಾತಿಯೂ ಇದೆ: ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿ; ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡವರು ಪ್ರವರ್ಗ 1. ಪ್ರಮಾಣಪತ್ರಕ್ಕೆ ತಹಶೀಲ್ದಾರರ ಕಚೇರಿಗೆ ಹೋಗಿ.

ತಾಯಿ, ಸೋಮವಾರಪೇಟೆ: ನೀಟ್ ಇಲ್ಲದೆ ಬೇರೆ ಯಾವ ಮಿಷನ್ ಕಾಲೇಜಿನಲ್ಲಾದರೂ ಎಂಬಿಬಿಎಸ್?

ಸಲಹೆಗಾರ್ತಿ: ಇಲ್ಲ. ಯಾವುದರಲ್ಲೂ ಇಲ್ಲ. ಜಗಳವಾಡುತ್ತಿರುವ ಇಬ್ಬರೂ ದಯವಿಟ್ಟು ನಿಲ್ಲಿಸಿ. ಮಕ್ಕಳ ಪ್ರಶ್ನೆಗಳು ನಿಮ್ಮ ಮಾತಿನಡಿ ಹೂತುಹೋಗುತ್ತಿವೆ.

ವಿದ್ಯಾರ್ಥಿ, ಸಿದ್ದಾಪುರ: ಇಂದು ಊಟ ಮಾಡಿದೆ ಮೇಡಂ. ಅಕ್ಕನಿಗೆ ಹೇಳಿದ್ದೇನೆ, ಬೆಳಿಗ್ಗೆ ವೈದ್ಯರ ಬಳಿ ಕರೆದೊಯ್ಯುತ್ತಾಳೆ. ತಂದೆಯೊಡನೆ ಮಾತನಾಡಲು ನಮ್ಮ ಸಭಾಪಾಲಕರನ್ನು ಕರೆಯಬಹುದೇ?

ಸಲಹೆಗಾರ್ತಿ: ಕರೆಯಿರಿ. ಆದರೆ ಅವರು ಬಾಯಿ ತೆರೆಯುವ ಮೊದಲು ಅರಣ್ಯಶಾಸ್ತ್ರ ಏಕೆ ಬೇಕೆಂಬುದನ್ನು ನಿಮ್ಮ ತಂದೆಗೆ ನೀವೇ ಹೇಳಿ.