ಬೆಂಗಳೂರಿನ ಗ್ರಂಥಾಲಯಗಳಲ್ಲಿ ಹಳೆಯ ಕಾದಂಬರಿ ಹುಡುಕುವುದು ಹೇಗೆ?

ಪ್ರಶ್ನೆ:
ನಮಸ್ಕಾರ. 1950ರ ದಶಕದ ಕೆಲವು ಕನ್ನಡ ಕಾದಂಬರಿಗಳು ಬೇಕಾಗಿವೆ, ಮರುಮುದ್ರಣ ಆಗಿಲ್ಲ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಸಿಗಲಿಲ್ಲ. ಕಬ್ಬನ್ ಪಾರ್ಕಿಗೇ ಹೋಗಬೇಕೆ? ಬಾಡಿಗೆ ಮನೆಯಲ್ಲಿರುವವರು ಸದಸ್ಯರಾಗಲು ಏನು ಒಯ್ಯಬೇಕು?

ಉತ್ತರ 1:
ಶಾಖೆಯಲ್ಲಿ ಸಿಗದಿರುವುದಕ್ಕೆ ಕಾರಣವಿದೆ. ಗ್ರಂಥಾಲಯ ಇಲಾಖೆ ಸಗಟಾಗಿ ಕೊಳ್ಳುವುದು ಹೊಸ ಪ್ರಕಟಣೆಗಳನ್ನು. ಒಂದು ಪುಸ್ತಕದ 300 ಪ್ರತಿ ಕೊಂಡರೂ ಅವು ಇಡೀ ರಾಜ್ಯಕ್ಕೆ ಹಂಚಿಹೋಗುತ್ತವೆ. ಹಳೆಯದಕ್ಕೆ ಮೊದಲು ನಿಮ್ಮ ವಲಯದ ನಗರ ಕೇಂದ್ರ ಗ್ರಂಥಾಲಯ ನೋಡಿ. ಅಲ್ಲೂ ಇಲ್ಲದಿದ್ದರೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ. ಸೋಮವಾರ ರಜೆ.

ಗುರುತಿನ ಚೀಟಿ, ಭಾವಚಿತ್ರ, ಬಾಡಿಗೆ ಕರಾರಿನ ನಕಲು ಒಯ್ಯಿರಿ. ಪುಸ್ತಕ ಅಲ್ಲಿ ಇದೆಯೇ, ಮನೆಗೆ ಕೊಡುತ್ತಾರೆಯೇ ಎಂದು ಕೇಳಿಕೊಂಡೇ ಠೇವಣಿ ಕಟ್ಟಿ. ರಸೀದಿ ಜೋಪಾನ, ಠೇವಣಿ ವಾಪಸು ಪಡೆಯುವಾಗ ಅದನ್ನೇ ಕೇಳುತ್ತಾರೆ.

ಉತ್ತರ 2:
ಡ್ಯೂಯಿ ಕ್ರಮದಲ್ಲಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು, ಪುಸ್ತಕ ಜೋಡಿಸಿದ ಕಡೆ ನೀವು ಹುಡುಕಬೇಕಾದ್ದು 894.8143. 894.8 ಎಂದರೆ ದ್ರಾವಿಡ ಸಾಹಿತ್ಯ, 894.814 ಕನ್ನಡ, ಕೊನೆಯ 3 ಕಥೆ-ಕಾದಂಬರಿ. ಅಲ್ಲಿ 1 ಇದ್ದರೆ ಕಾವ್ಯ, 2 ಇದ್ದರೆ ನಾಟಕ.

ಹಳೆಯ ಪುಸ್ತಕಗಳಲ್ಲಿ ತೊಡಕಾಗುವುದು ಬೈಂಡಿನಿಂದ. ಮರುಬೈಂಡ್ ಮಾಡಿದಾಗ ಬೆನ್ನಿನ ಚೀಟಿ ಹೊಸ ಬಟ್ಟೆಯಡಿ ಮುಚ್ಚಿಹೋಗುತ್ತದೆ. ಬೆನ್ನ ಮೇಲೆ ಏನೂ ಇಲ್ಲದ ಕಂದು ರಟ್ಟಿನ ಪುಸ್ತಕ ಕಂಡರೆ ತೆಗೆದು ಶೀರ್ಷಿಕೆ ಪುಟದ ಹಿಂಬದಿ ನೋಡಿ, ಪರಿಗ್ರಹಣ ಸಂಖ್ಯೆಯೂ (ಗ್ರಂಥಾಲಯಕ್ಕೆ ಸೇರಿದಾಗ ಆ ಪ್ರತಿಗೆ ಕೊಟ್ಟ ಕ್ರಮಸಂಖ್ಯೆ) ಮೇಲೆ ಹೇಳಿದ ವರ್ಗ ಸಂಖ್ಯೆಯೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಗ್ರಂಥಾಲಯದ ಪುಸ್ತಕ ಸೂಚಿಯಲ್ಲಿ ಲೇಖಕರ ಹೆಸರನ್ನು ಎರಡು ಮೂರು ರೀತಿ ಹುಡುಕಿ: ಅನಕೃ ‘ಅ’ದಲ್ಲಿ ಸಿಗದಿದ್ದರೆ ‘ಕೃಷ್ಣರಾವ್’ ಅಡಿ, ತ್ರಿವೇಣಿ ಇಲ್ಲದಿದ್ದರೆ ‘ಅನಸೂಯ ಶಂಕರ್’ ಅಡಿ. ನೋಡಿದ ಪುಸ್ತಕವನ್ನು ದಯವಿಟ್ಟು ಮೇಜಿನ ಮೇಲೇ ಬಿಡಿ. ತಪ್ಪು ಸಾಲಿಗೆ ಸೇರಿದ ಪುಸ್ತಕ ಕಳೆದುಹೋದ ಹಾಗೆಯೇ.

ಪ್ರಶ್ನೆ:
ತುಂಬಾ ಉಪಕಾರವಾಯಿತು. ಪೂರ್ತಿ ಪುಸ್ತಕ ಜೆರಾಕ್ಸ್ ಮಾಡಿಸಬಹುದೇ?

ಉತ್ತರ 3:
ಲೇಖಕರು ತೀರಿಕೊಂಡ ವರ್ಷ ನೋಡಿ. ಹಕ್ಕುಸ್ವಾಮ್ಯ ಅದರ ಮುಂದಿನ ಜನವರಿಯಿಂದ 60 ವರ್ಷ. ತ್ರಿವೇಣಿ ತೀರಿಕೊಂಡದ್ದು 1963. ಅವರು ಬದುಕಿದ್ದಾಗ ಪ್ರಕಟವಾದವು 2024ರ ಜನವರಿ 1ರಿಂದ ಮುಕ್ತ. ಅನಕೃ 1971, ಹಾಗಾಗಿ 2031ರ ಕೊನೆಯವರೆಗೆ ಕಾಯಬೇಕು.

ಮುಕ್ತವಾಗಿದ್ದರೂ ಜೆರಾಕ್ಸ್ ಬೇಡ. ಆ ಕಾಲದ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚು, ಅಂಚು ಹಪ್ಪಳದಂತೆ ಮುರಿಯುತ್ತದೆ, ಗಾಜಿನ ಮೇಲೆ ಒತ್ತಿದರೆ ಹೊಲಿಗೆಯೂ ಬಿಡುತ್ತದೆ. ಗ್ರಂಥಪಾಲಕರ ಅನುಮತಿ ಪಡೆದು, ಪುಸ್ತಕವನ್ನು ಅರ್ಧಕ್ಕಷ್ಟೇ ತೆರೆದು, ಫೋನಿನಲ್ಲಿ ಒಂದೊಂದೇ ಪುಟ ತೆಗೆಯಿರಿ.

ಅದಕ್ಕೂ ಮುಂಚೆ ಹಳೆಯ ಪುಸ್ತಕಗಳ ಸ್ಕ್ಯಾನು ಸಿಗುವ ಜಾಲತಾಣ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನುಗಳು ಅಲ್ಲಿವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಬರೆದಿದ್ದಾರೆ, ದೀರ್ಘಕ್ಕೆ ಕೆಲವೆಡೆ ಒಂದು ‘ಎ’, ಕೆಲವೆಡೆ ಎರಡು. ಶೀರ್ಷಿಕೆಯ ಒಂದೇ ಪದ ಹಾಕಿ, ಕಾಗುಣಿತ ಬದಲಿಸುತ್ತಾ ನೋಡಿ.