ಪಾಲಿಮರ್ ಬೆರೆಸಿದ ಬಿಟುಮೆನ್ ಅನ್ನು ಕಾಮಗಾರಿಯ ಸ್ಥಳದಲ್ಲೇ ರೋಹಿತಮಾಪಕದಿಂದ ಪರೀಕ್ಷಿಸಬಹುದೇ?

ಪ್ರಶ್ನೆ (ಸೈಟ್ ಇಂಜಿನಿಯರ್)

ಎಲ್ಲರಿಗೂ ನಮಸ್ಕಾರ. ಉತ್ತರ ಕರ್ನಾಟಕದ ಒಂದು ಹೆದ್ದಾರಿ ಅಗಲೀಕರಣ ಕಾಮಗಾರಿಯಲ್ಲಿ ಗುಣಮಟ್ಟ ನಿಯಂತ್ರಣದ ಹೊಣೆ ನನ್ನದು. ಮೇಲ್ಪದರಕ್ಕೆ ಬೇಕಾದ ಪಾಲಿಮರ್ ಬೆರೆಸಿದ ಬಿಟುಮೆನ್ (ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು), ಅಂದರೆ ಪಿಎಂಬಿ, ಟ್ಯಾಂಕರುಗಳಲ್ಲಿ ದೂರದಿಂದ ಬರುತ್ತದೆ. ಪ್ರತಿ ಟ್ಯಾಂಕರಿನ ಜೊತೆ ತಯಾರಕರ ವರದಿ ಇರುತ್ತದೆ, ನಮ್ಮ ಸೈಟ್ ಲ್ಯಾಬಿನಲ್ಲಿ ಪೆನೆಟ್ರೇಶನ್ (ಸೂಜಿ ಎಷ್ಟು ಇಳಿಯುತ್ತದೆ) ಮತ್ತು ಸಾಫ್ಟನಿಂಗ್ ಪಾಯಿಂಟ್ (ಮೆತ್ತಗಾಗುವ ಉಷ್ಣತೆ) ನೋಡಿ ಇಳಿಸಿಕೊಳ್ಳುತ್ತೇವೆ. ಪಿಎಂಬಿಗಿರುವ ಭಾರತೀಯ ಮಾನಕವಾದ ಐಎಸ್ 15462ರ ಉಳಿದ ಪರೀಕ್ಷೆಗಳಿಗೆ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವರದಿ ಕೈಸೇರುವಷ್ಟರಲ್ಲಿ ಆ ಬಿಟುಮೆನ್ ಹಾಟ್ ಮಿಕ್ಸ್ ಪ್ಲಾಂಟ್ ದಾಟಿ, ರಸ್ತೆಯಾಗಿ, ಅದರ ಮೇಲೆ ಲಾರಿಗಳು ಓಡಾಡುತ್ತಿರುತ್ತವೆ.

ಸಾಫ್ಟನಿಂಗ್ ಪಾಯಿಂಟ್ ಸರಿಯಿದ್ದ ಮಾತ್ರಕ್ಕೆ ಒಳಗೆ ಹೇಳಿದಷ್ಟು ಎಸ್‌ಬಿಎಸ್ (ಸ್ಟೈರೀನ್-ಬ್ಯುಟಾಡಯೀನ್-ಸ್ಟೈರೀನ್ ಎಂಬ ರಬ್ಬರಿನಂಥ ಪಾಲಿಮರ್) ಇದೆ ಎಂದು ನಂಬಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ (ಕ್ಷ-ಕಿರಣದ ರೋಹಿತಮಾಪಕ) ಉಪಕರಣ ಮತ್ತು ಸಣ್ಣ ಪೆಟ್ಟಿಗೆಯಷ್ಟಿರುವ ಎಫ್‌ಟಿಐಆರ್ (ಅವಕೆಂಪು ಬೆಳಕಿನ ರೋಹಿತಮಾಪಕ) ಉಪಕರಣಗಳಿಂದ ಟ್ಯಾಂಕರ್ ಗೇಟಿನಲ್ಲಿ ನಿಂತಿರುವಾಗಲೇ ಇದನ್ನು ತಿಳಿಯಬಹುದು ಎಂದು ಓದಿದ್ದೇನೆ. ಎರಡರಲ್ಲಿ ಯಾವುದು ಈ ಕೆಲಸಕ್ಕೆ ಸೂಕ್ತ? ಅದರ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ 1 (ರಸಾಯನಶಾಸ್ತ್ರದ ಅಧ್ಯಾಪಕ)

ನಿಮ್ಮ ಅನುಮಾನಕ್ಕೆ ಆಧಾರವಿದೆ. ಪಾಲಿಎಥಿಲೀನನ್ನೋ ಕೆಲವು ಬಗೆಯ ಮೇಣವನ್ನೋ ಬೆರೆಸಿದರೂ ಸಾಫ್ಟನಿಂಗ್ ಪಾಯಿಂಟ್ ಏರುತ್ತದೆ, ಆದರೆ ಎಸ್‌ಬಿಎಸ್ ಕೊಡುವ ಹಿಗ್ಗಿ ಮರಳುವ ಗುಣ ಅದರಿಂದ ಬರುವುದಿಲ್ಲ.

ನಿಮಗೆ ಬೇಕಾದದ್ದು ಎಫ್‌ಟಿಐಆರ್. ಎಕ್ಸ್‌ಆರ್‌ಎಫ್ ಉಪಕರಣವು ಕ್ಷ-ಕಿರಣ ಬಿಟ್ಟು, ಮೂಲವಸ್ತುಗಳು ಮರಳಿ ಸೂಸುವ ಕಿರಣಗಳನ್ನು ಅಳೆಯುತ್ತದೆ. ಕೈಯಲ್ಲಿ ಹಿಡಿಯುವ ಮಾದರಿಗಳಿಗೆ ಮೆಗ್ನೀಸಿಯಮ್‌ಗಿಂತ ಹಗುರವಾದ ಮೂಲವಸ್ತುಗಳು ಕಾಣುವುದಿಲ್ಲ. ಎಸ್‌ಬಿಎಸ್ ಇಂಗಾಲ ಮತ್ತು ಜಲಜನಕಗಳಿಂದಲೇ ಆದದ್ದರಿಂದ ಆ ಉಪಕರಣದ ಪಾಲಿಗೆ ಅದು ಇಲ್ಲವೇ ಇಲ್ಲ. ಎಫ್‌ಟಿಐಆರ್ ನೋಡುವುದು ಅಣುಬಂಧಗಳು ಅವಕೆಂಪು ಬೆಳಕನ್ನು ಹೀರುವ ಬಗೆಯನ್ನು. ಎಸ್‌ಬಿಎಸ್‌ನ ಬ್ಯುಟಾಡಯೀನ್ ಭಾಗವು 966ರ ತರಂಗಸಂಖ್ಯೆಯಲ್ಲಿಯೂ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಎಂಬ ಲೆಕ್ಕ), ಸ್ಟೈರೀನ್ ಭಾಗವು 699ರ ಸುಮಾರಿನಲ್ಲಿಯೂ ಸ್ಪಷ್ಟ ಶಿಖರಗಳನ್ನು ಕೊಡುತ್ತವೆ. ಪಾಲಿಮರ್ ಇವಿಎ (ಎಥಿಲೀನ್ ವಿನೈಲ್ ಅಸಿಟೇಟ್) ಆಗಿದ್ದರೆ ಶಿಖರಗಳು 1740 ಮತ್ತು 1240ರ ಬಳಿ ಬರುತ್ತವೆ, ಹಾಗಾಗಿ ಒಂದರ ಬದಲು ಇನ್ನೊಂದನ್ನು ಕೊಟ್ಟಿದ್ದರೂ ಗೊತ್ತಾಗುತ್ತದೆ.

ಪ್ರಮಾಣ ತಿಳಿಯಬೇಕಾದರೆ ಕ್ಯಾಲಿಬ್ರೇಶನ್, ಅಂದರೆ ಪ್ರಮಾಣ ಗೊತ್ತಿರುವ ಮಾದರಿಗಳೊಂದಿಗೆ ಹೋಲಿಕೆ, ಬೇಕು. ಅದೇ ಮೂಲ ಬಿಟುಮೆನ್‌ಗೆ ಶೇ. 2, 3, 4, 5ರಷ್ಟು ಎಸ್‌ಬಿಎಸ್ ಬೆರೆಸಿದ ಮಾದರಿಗಳನ್ನು ಮಾಡಿ, 966ರ ಶಿಖರವನ್ನು ಬಿಟುಮೆನ್‌ನ ಸ್ವಂತ ಶಿಖರವಾದ 1377ರೊಂದಿಗೆ ಭಾಗಿಸಿ ರೇಖೆ ಎಳೆದುಕೊಳ್ಳಿ. ಹೀಗೆ ಅನುಪಾತ ತೆಗೆದುಕೊಳ್ಳುವುದರಿಂದ ಉಪಕರಣದ ಹರಳಿನ ಮೇಲೆ ಬಿಟುಮೆನ್ ಹನಿ ಎಷ್ಟು ಚೆನ್ನಾಗಿ ಕೂತಿದೆ ಎಂಬುದರ ಏರುಪೇರು ಬಹುಮಟ್ಟಿಗೆ ಕಳೆದುಹೋಗುತ್ತದೆ.

ಅದೇ ಉಪಕರಣದಲ್ಲಿ ಬಿಟುಮೆನ್ ಎಷ್ಟು ಹಳತಾಗಿದೆ ಎಂಬುದನ್ನೂ ನೋಡುತ್ತಾರೆ. ಉತ್ಕರ್ಷಣೆಯಾದಷ್ಟೂ 1700ರ ಕಾರ್ಬೊನಿಲ್ ಮತ್ತು 1030ರ ಸಲ್ಫಾಕ್ಸೈಡ್ ಶಿಖರಗಳು ಬೆಳೆಯುತ್ತವೆ. ಆದರೆ ರಸ್ತೆಯಿಂದ ಕಿತ್ತ ಮಿಶ್ರಣದಿಂದ ಬಿಟುಮೆನ್ ಬೇರ್ಪಡಿಸಿದ್ದರೆ 1030ರ ಬಗ್ಗೆ ಎಚ್ಚರ ಇರಲಿ. ಜಲ್ಲಿಯ ಸಣ್ಣ ಪುಡಿ ಉಳಿದುಕೊಂಡಿದ್ದರೆ ಅದರ ಸಿಲಿಕೇಟ್ ಕೂಡ ಅದೇ ಜಾಗದಲ್ಲಿ ದೊಡ್ಡ ಶಿಖರ ಕೊಡುತ್ತದೆ, ಧೂಳನ್ನು ನೋಡಿ ಬಿಟುಮೆನ್ ಹಳತು ಎಂದು ಬರೆದುಬಿಡುವ ಅಪಾಯವಿದೆ.

ಮುಖ್ಯ ಮಿತಿಯೊಂದಿದೆ. ಈ ಉಪಕರಣದ ಬೆಳಕು ಹನಿಯೊಳಗೆ ಇಳಿಯುವುದು ಒಂದೆರಡು ಮೈಕ್ರಾನ್ ಮಾತ್ರ. ಬಿಸಿ ಟ್ಯಾಂಕರಿನಲ್ಲಿ ಕಲಕದೆ ನಿಂತ ಪಿಎಂಬಿಯಲ್ಲಿ ಪಾಲಿಮರ್ ಮೇಲಕ್ಕೆ ಬೇರ್ಪಡಬಹುದು. ಆದ್ದರಿಂದ ಮೇಲ್ಭಾಗದಿಂದ ಒಂದು, ತಳದಿಂದ ಒಂದು ಮಾದರಿ ತೆಗೆದು ಎರಡನ್ನೂ ನೋಡಲೇಬೇಕು. ಎರಡರ ನಡುವೆ ವ್ಯತ್ಯಾಸ ಕಂಡರೆ, ಅದೇ ನಿಮಗೆ ದೊಡ್ಡ ಸುದ್ದಿ.

ಉತ್ತರ 2 (ಹೊರದೇಶದಲ್ಲಿ ಪೇವ್‌ಮೆಂಟ್ ಇಂಜಿನಿಯರ್)

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಈ ವಿಷಯದಲ್ಲಿ ಅಮೆರಿಕದಲ್ಲಿ ವ್ಯವಸ್ಥಿತವಾದ ಕೆಲಸ ನಡೆದಿದೆ. ಅಲ್ಲಿನ ಎರಡನೆಯ ಸ್ಟ್ರಾಟೆಜಿಕ್ ಹೈವೇ ರಿಸರ್ಚ್ ಪ್ರೋಗ್ರಾಮ್ ತನ್ನ ಆರ್06ಬಿ ಯೋಜನೆಯಲ್ಲಿ ಸಿಮೆಂಟ್, ಬಿಟುಮೆನ್, ಎಪಾಕ್ಸಿ, ರಸ್ತೆ ಬಣ್ಣ ಮುಂತಾದ ಹಲವು ಸಾಮಗ್ರಿಗಳ ಮೇಲೆ ಬೇರೆ ಬೇರೆ ರೋಹಿತ ವಿಧಾನಗಳನ್ನು ಪ್ರಯೋಗಿಸಿ, ಕಾಮಗಾರಿಯ ಸ್ಥಳಕ್ಕೆ ಎಫ್‌ಟಿಐಆರ್ ಮತ್ತು ಎಕ್ಸ್‌ಆರ್‌ಎಫ್ ಎರಡನ್ನು ಮುಖ್ಯವಾಗಿ ಮುಂದಿಟ್ಟಿತು. ಬಳಿಕ ಅಲಬಾಮ, ಮೇನ್, ಟೆನೆಸ್ಸೀ ರಾಜ್ಯಗಳ ಸಾರಿಗೆ ಇಲಾಖೆಗಳು ಇವನ್ನು ಬಳಸಿ ನೋಡಿದವು.

ಎಕ್ಸ್‌ಆರ್‌ಎಫ್ ನಿಮಗೆ ಬೇಡವೇ ಬೇಡ ಎಂದೇನಲ್ಲ. ಬಳಸಿದ ಎಂಜಿನ್ ಆಯಿಲ್ ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವ ಗಷ್ಟನ್ನು ಬಿಟುಮೆನ್‌ಗೆ ಬೆರೆಸಿದ್ದರೆ ಸತು, ಕ್ಯಾಲ್ಸಿಯಂ, ಮಾಲಿಬ್ಡಿನಮ್ ಅದನ್ನು ಬಯಲು ಮಾಡುತ್ತವೆ. ಆದರೆ ಸತು ಒಂದನ್ನೇ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಟೈರಿನ ರಬ್ಬರ್ ಪುಡಿಯಲ್ಲಿಯೂ ಸತುವಿನ ಆಕ್ಸೈಡ್ ಇರುತ್ತದೆ. ಸುಣ್ಣದಕಲ್ಲಿನ ಧೂಳು ಸೇರಿದ್ದರೆ ಕ್ಯಾಲ್ಸಿಯಂ ಕೂಡ ದಾರಿ ತಪ್ಪಿಸುತ್ತದೆ. ಮಾಲಿಬ್ಡಿನಮ್ ಜೊತೆಗಿದ್ದಾಗ ಅನುಮಾನ ಗಟ್ಟಿಯಾಗುತ್ತದೆ.

ಮಿಶ್ರಣಕ್ಕೆ ಅರಳಿದ ಸುಣ್ಣ ಹಾಕುತ್ತಿದ್ದರೆ ಅಲ್ಲಿ ಎಫ್‌ಟಿಐಆರ್ ಇನ್ನೂ ಸೊಗಸಾಗಿ ಕೆಲಸ ಮಾಡುತ್ತದೆ. ಸುಣ್ಣದ ಚೀಲದಲ್ಲಿ ಸುಣ್ಣದಕಲ್ಲಿನ ಪುಡಿ ತುಂಬಿ ಕೊಟ್ಟರೂ ಎಕ್ಸ್‌ಆರ್‌ಎಫ್ ಎರಡನ್ನೂ ಕ್ಯಾಲ್ಸಿಯಂ ಎಂದೇ ಓದುತ್ತದೆ. ಅವಕೆಂಪು ರೋಹಿತದಲ್ಲಿ ಮಾತ್ರ ನಿಜವಾದ ಅರಳಿದ ಸುಣ್ಣವು 3640ರಲ್ಲಿ ಸೂಜಿಯಂತೆ ಚೂಪಾದ ಶಿಖರ ಎತ್ತುತ್ತದೆ. ಸುಣ್ಣದಕಲ್ಲಿಗೆ ಅದು ಇರುವುದಿಲ್ಲ, ಬದಲಿಗೆ 875ರಲ್ಲಿ ಕಾರ್ಬೊನೇಟಿನ ಗುರುತು ಇರುತ್ತದೆ. ತೇವದಲ್ಲಿ ಬಿದ್ದು ಕೆಟ್ಟ ಸುಣ್ಣದಲ್ಲಿ ಎರಡೂ ಕಾಣುತ್ತವೆ.

ಉತ್ತರ 3 (ನಿವೃತ್ತ ಕಾರ್ಯಪಾಲಕ ಇಂಜಿನಿಯರ್)

ಎಕ್ಸ್‌ಆರ್‌ಎಫ್ ನಮ್ಮ ರಸ್ತೆಗಳಲ್ಲಿ ಮೊದಲು ಬಳಕೆಯಾಗಬೇಕಾದದ್ದು ಗೆರೆ ಎಳೆಯುವ ಥರ್ಮೋಪ್ಲಾಸ್ಟಿಕ್ ಬಣ್ಣಕ್ಕೆ ಎಂದು ನನ್ನ ಅಭಿಪ್ರಾಯ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಯಂತೆ ಬಿಳಿ ಬಣ್ಣದಲ್ಲಿ ಕನಿಷ್ಠ ಶೇ. 10ರಷ್ಟು ಟೈಟಾನಿಯಂ ಡೈಆಕ್ಸೈಡ್ ಇರಬೇಕು. ಬಣ್ಣದಲ್ಲಿ ಬೆಲೆಬಾಳುವ ವಸ್ತು ಅದೇ ಆದ್ದರಿಂದ ಕಡಿಮೆ ಮಾಡಬೇಕೆಂದವರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಮಾದರಿಯನ್ನು ಏಕರೂಪವಾಗಿ ಬೆರೆಸಿ ತೋರಿಸಿದರೆ ಟೈಟಾನಿಯಂ ಪ್ರಮಾಣ ಒಂದೆರಡು ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಇನ್ನು ಪ್ರಶ್ನೆ ಕೇಳಿದವರಿಗೆ ಒಂದು ಮಾತು. ರೋಹಿತ ನೋಡಿ ಟ್ಯಾಂಕರನ್ನು ತಿರಸ್ಕರಿಸಲು ಹೋಗಬೇಡಿ. ಗುತ್ತಿಗೆಯಲ್ಲಿ ಬರೆದಿರುವುದು ಐಎಸ್ ಪರೀಕ್ಷೆಗಳು, ತಕರಾರು ಬಂದಾಗ ನಿಲ್ಲುವುದೂ ಅವೇ. ಉಪಕರಣ ಹೇಳುವುದು ‘ಇದು ಒಪ್ಪಿಗೆ ಪಡೆದ ಮಾದರಿಯಂತಿದೆ ಅಥವಾ ಇಲ್ಲ’ ಎಂಬುದನ್ನು ಮಾತ್ರ. ಇಲ್ಲ ಎಂದಾಗ ಟ್ಯಾಂಕರನ್ನು ತಡೆದು, ಗುತ್ತಿಗೆದಾರರ ಎದುರಿನಲ್ಲೇ ಮಾದರಿ ತೆಗೆದು, ಇಬ್ಬರೂ ಸಹಿ ಹಾಕಿ ಮೊಹರು ಮಾಡಿ, ಒಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಇನ್ನೊಂದನ್ನು ನಿಮ್ಮಲ್ಲಿಟ್ಟುಕೊಳ್ಳಿ. ಎಲ್ಲ ಟ್ಯಾಂಕರುಗಳಿಗೂ ಪೂರ್ಣ ಪರೀಕ್ಷೆ ಮಾಡಿಸಲಾಗದ ಕಡೆ ಯಾವುದಕ್ಕೆ ಮಾಡಿಸಬೇಕು ಎಂದು ಆರಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ತಿಳಿದಿಲ್ಲ. ಎಕ್ಸ್‌ಆರ್‌ಎಫ್ ಕೊಳ್ಳುವುದಾದರೆ ಅದು ಕ್ಷ-ಕಿರಣ ಉಪಕರಣವಾದ್ದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳನ್ನು ಮೊದಲೇ ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹಾಗಿದ್ದರೆ ಮುಂದಿನ ಪದರ ಶುರುವಾಗುವ ಮೊದಲು ಬಂದ ಮೊದಲ ಟ್ಯಾಂಕರಿನ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಉಳಿದವುಗಳನ್ನು ಹೋಲಿಸುತ್ತಾ ಹೋಗಬಹುದೇ?

ಉತ್ತರ 1 ಬರೆದವರಿಂದ

ಆ ಮೊದಲ ಟ್ಯಾಂಕರೇ ಸರಿಯಿಲ್ಲದಿದ್ದರೆ ಮುಂದಿನ ಎಲ್ಲವೂ ಅದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಆಧಾರ ಮಾದರಿಯನ್ನು ತಯಾರಿಕಾ ಘಟಕದಲ್ಲಿ ಟ್ಯಾಂಕರಿಗೆ ತುಂಬುವ ಜಾಗದಲ್ಲೇ ನಿಮ್ಮವರೊಬ್ಬರು ನಿಂತು ತೆಗೆಯಲಿ. ಅದೇ ಮಾದರಿಗೆ ಐಎಸ್ 15462ರ ಪೂರ್ಣ ಪರೀಕ್ಷೆ ಮಾಡಿಸಿ, ಉತ್ತೀರ್ಣವಾದ ಮೇಲಷ್ಟೇ ಅದರ ರೋಹಿತವನ್ನು ಉಪಕರಣದಲ್ಲಿ ಉಳಿಸಿಕೊಳ್ಳಿ. ತಯಾರಕರು ಕಚ್ಚಾ ತೈಲದ ಮೂಲ ಬದಲಿಸಿದರೆ ಬಿಟುಮೆನ್‌ನ ಗಂಧಕ, ವೆನೇಡಿಯಂ, ನಿಕಲ್ ಪ್ರಮಾಣಗಳೂ ಬದಲಾಗುತ್ತವೆ. ಅಂಥ ಬದಲಾವಣೆಯನ್ನು ಮೊದಲೇ ತಿಳಿಸಬೇಕೆಂದು ಖರೀದಿ ಪತ್ರದಲ್ಲಿ ಬರೆಸಿ, ತಿಳಿಸಿದಾಗಲೆಲ್ಲ ಹೊಸ ಆಧಾರ ಮಾದರಿ ತೆಗೆದುಕೊಳ್ಳಿ.